ಮೂರು ಬೆರಳಿನ ಆನಿ

ಕೌಜಲಗಿ ಡಾಕ್ಟರು ಗುಳಿಗಿ ಬರದು
ಕೆಳಗ ಒಂದು ಗೆರಿ ಎಳದು ಹೇಳಿದರು:
ದಿನಾ ಮುಂಜಾನೆ ನಲವತ್ತು ಮಿನಿಟು ನಡೀರಿ.
ನಗಿ ಬಂತು.
ಮೂವತ್ತೊಂದು ವರ್ಷ ಮಗ್ಗದ ಕುಣ್ಯಾಗ
ಬಲಗಾಲು ಎಡಗಾಲು, ಬಲಗಾಲು ಎಡಗಾಲು,
ತುಳದದ್ದು ಲೆಕ್ಕಾ ಹಾಕಿದರ
ಕಾಶಿಗೆ ನಾಕು ಸಲ ಹೋಗಿ ಬಂದಂಗಾತು.

ಗುಳೇದಗುಡ್ಡದ ಮಂದಿ ನಾವು.
ಊರ ಹೆಸರಾಗ ಗುಡ್ಡ ಐತಿ,
ಹತ್ತಾವ್ರು ಮಾತ್ರ ಆಡು ಕಾಯವ್ರು.
ಮೊದಲ ದಿನ ಕೆರಿ ತನಕ.
ಎಂಟನೇ ದಿನ ಕಲ್ಲಿನ ಖಣಿ.
ಹದಿನೇಳನೇ ದಿನ, ಮೂತ್ರಕ್ಕಂತ
ಜೋಡಗಲ್ಲಿನ ಹಿಂದ ಹೋದಾವ
ಹಂಗ ತಡಕೊಂಡು ನಿಂತ್ನಿ.

ಎರಡು ಕಲ್ಲಿನ ನಡುವ ಒಂದು ಸಂದಿ,
ಹೊಟ್ಟಿ ಎಳಕೊಂಡ್ರ ಮೈ ಅಡ್ಡಾಗಿ ಹಿಡೀತಿತ್ತು.
ಒಳಗ ತಂಪು, ಹರವಿ ಹೊಟ್ಟಿ ಹಂಗ.
ಗೂಡಿನಾಗ ಲಿಂಬಿಕಾಯಿ ಅಷ್ಟು ಒಂದು ಕಲ್ಲು.
ಕಣ್ಣಿಲ್ಲ, ಮೂಗಿಲ್ಲ, ಗಂಟಿ ಇಲ್ಲ,
ಇಂಥವರ ಸೇವಾ ಅಂತ ಕೊರದ ಫರಸಿ ಇಲ್ಲ.
ಪಣತ್ಯಾಗ ಎಣ್ಣಿ ಇನ್ನೂ ಹಸಿ.
ಕಲ್ಲಿಗೆ ಉಡಿಸಿದ್ದು ಗೇಣುದ್ದ ಖಣ.

ದೇವರನ್ನ ಮೊದಲ ನೋಡಲಿಲ್ಲ, ಖರೇ ಹೇಳತೇನಿ.
ನೇಕಾರನ ಕಣ್ಣು, ಅರಿವಿ ಮ್ಯಾಲ ಬಿತ್ತು.
ನವಿಲ ಬಣ್ಣ, ಕೆಂಪು ದಡಿ, ಆನಿಹೆಜ್ಜಿ.
ಹೆಬ್ಬೆರಳಲೆ ಸವರಿದ್ನಿ.
ಸಾಲಿನ ಕಡೀ ಹೆಜ್ಜಿಗೆ ಮೂರ ಬೆರಳು.

ಅದು ನಂದು.
ಅವ್ವನ ಮಣ್ಣು ಮಾಡಿ ಬಂದ ಮರುದಿನ
ಕುಂತು ನೇಯ್ದದ್ದು, ಎಲ್ಲೋ ಒಂದು ಎಳಿ ತಪ್ಪಿತ್ತು.
ಮುರಡಿ ಸಾವಕಾರ ಭಿಂಗ ಹಚ್ಚಿ ನೋಡಿ
'ನಿನ್ನ ಆನಿ ಕುಂಟತೈತೋ ಮಾರಾಯಾ' ಅಂದು
ಮಜೂರ್‍ಯಾಗ ಮುರಕೊಂಡು ತುಂಡು ಹೊಳ್ಳಿ ಕೊಟ್ಟಿದ್ದ.
ಮನ್ಯಾಗ ಎಲ್ಲೋ ಒಗದಿದ್ನಿ.
ಆಮ್ಯಾಲ ಕಾಣಲಿಲ್ಲ, ಹುಡುಕಲೂ ಇಲ್ಲ.

ಯಾರು ತಂದರು ಇಲ್ಲಿಗೆ?
ಹಳೇ ಅರಿವಿಗೆ ಸ್ಟೀಲಿನ ಭಾಂಡೆ ಕೊಡಾಕಿಯೋ?
ತಿಪ್ಪ್ಯಾಗ ಆರಿಸಿದ ಆಡಿನ ಹುಡುಗನೋ?
ನಮ್ಮ ಚಂದವ್ವ
ಅಮಾಸಿಗೊಮ್ಮೆ ತಂಗಿ ಮನಿಗಂತ ಹೋಗಿ
ಕೂದಲ ತುಂಬ ಗಾಳಿ ತುಂಬಕೊಂಡು ಬರತಾಳ.

ಕಿಸೆದಾಗ ಇದ್ದದ್ದು ಎರಡು ಪೆಪ್ಪರಮಿಂಟು,
ಸಕ್ಕರಿ ಇಳದು ತಲಿ ತಿರಗಿದ್ರ ಇರಲಿ ಅಂತ
ಅಕಿ ಇಟ್ಟದ್ದು.
ಒಂದರ ಕಾಗದ ಸುಲದು ಗೂಡಿನಾಗ ಇಟ್ನಿ.
ಬೇಡಕೊಳ್ಳಾಕ ಏನೂ ನೆನಪಾಗಲಿಲ್ಲ.
ಹೆಸರು ಗೊತ್ತಿಲ್ಲದವರನ್ನ ಏನಂತ ಕರದು ಕೇಳೋದು?
ಒಂದು ಇರಿವಿ ಬಂತು, ಸುತ್ತ ಹಾಕಿತು,
ಮತ್ತ ಯಾರನ್ನೋ ಕರಿಯಾಕ ಹೋತು.

'ಇವತ್ತ ಎಲ್ಲಿ ಮಟಾ?' ಅಂದ್ಲು.
'ಹಿಂಗ, ಜೋಡಗಲ್ಲಿನ ತನಕ.'
ಸಪ್ಪನ ಚಾದ ಬಟ್ಟಲ ಹಿಡದ ಕೈ
ಒಂದೀಟು ನಿಂತು, ಆಮ್ಯಾಲ ಕೆಳಗಿಟ್ಟಿತು.
ನಾ ಏನೂ ಕೇಳಲಿಲ್ಲ.

ಕುಣ್ಯಾಗ ಇಳದು ಲಾಳಿ ಹಿಡದ್ನಿ.
ಅದ ಆನಿ, ಅದ ನಾಕನೇ ಬೆರಳು ಬಂತು.
ಎಳಿ ಬಿಡಲೇನು ಅಂತ ಕೈ ತಡೀತು.
ಬಿಡಲಿಲ್ಲ. ಸಾವಕಾರ ರೊಕ್ಕ ಮುರಕೋತಾನ.
ಬಲಗಾಲು, ಎಡಗಾಲು.
ಇನ್ನೊಂದು ಪೆಪ್ಪರಮಿಂಟು
ಕಿಸೆದಾಗ ಹಂಗ ಐತಿ.