ಹರಗಿಟ್ಟದ್ದು

ಸಾರವಾಡದ ಶಾಲೆಯ ಗೋಡೆಗೆ ಮೊಳೆಯಿಲ್ಲ.
ನಬಿಸಾಬ ಮೇಷ್ಟ್ರು ಮನೆಯಿಂದ ಬಿಳಿ ಚಾದರ ತಂದರು.
ಎರಡು ತುದಿ ಕಿಟಕಿಗೆ, ಒಂದು ಗಂಟೆಯ ಕೊಕ್ಕೆಗೆ,
ನಾಲ್ಕನೆಯದು ಹುಡುಗನೊಬ್ಬನ ಕೈಗೆ.
ಅವನು ತೋಳು ಬದಲಿಸಿದಾಗಲೆಲ್ಲ
ಡೋಣಿ ನದಿ ಒಮ್ಮೆ ಅಲುಗಿತು.

ಏಳುನೂರ ಎಂಬತ್ತಾರು ಕಿಲೋಮೀಟರ್ ಮೇಲಿನಿಂದ
ಇದು ನಿಮ್ಮೂರು, ಅಂದೆ.
ಕೆಂಪು ಕಂಡಲ್ಲೆಲ್ಲ ಹಸಿರಿದೆ.
ನಮ್ಮ ಕಣ್ಣಿಗೆ ಸಿಗದ ಒಂದು ಬೆಳಕನ್ನು
ಎಲೆಗಳು ಮೇಲಕ್ಕೆ ತೂರುತ್ತವೆ,
ಅದಕ್ಕೆ ನಾವು ಹಚ್ಚಿದ ಬಣ್ಣ ಕೆಂಪು.
"ಹಂಗಾದ್ರ ಸುಳ್ಳು ಬಣ್ಣ ಏನ್ರಿ?" ಅಂದಿತು ಹಿಂದಿನ ಸಾಲು.
ಹೌದು, ಅದರ ಹೆಸರೂ ಅದೇ.
ನಕ್ಕರು. ನಾನೂ.

"ನಮ್ಮ ಆಡು ಕಾಣ್ತಾವೇನ್ರಿ?"
ಇಲ್ಲ. ಒಂದು ಚೌಕಕ್ಕೆ ಹತ್ತು ಮೀಟರ್.
ಆಡು, ಮನುಷ್ಯರು, ಬಾವಿಯ ಹಗ್ಗ
ಎಲ್ಲ ಸೇರಿ ಅಲ್ಲಿ ಒಂದೇ ಬಣ್ಣ.

ನದಿಯ ತೆಂಕಣ ದಂಡೆಗೆ ಕೋಲಿಟ್ಟೆ.
ಬೂದು ಚೌಕಗಳು, ನೂರಾರು. ಮೂಲೆಯ ಪಟ್ಟಿಯಲ್ಲಿ
ನಾನೇ ಬರೆದಿದ್ದೆ: ಬೀಳು ಭೂಮಿ.

ನೀಲಗಂಗವ್ವ ಎದ್ದು ನಿಂತಳು.
ಮೊದಲು ಸೆರಗು ಕೊಡವಿದಳು, ಆಮೇಲೆ ನನ್ನನ್ನು.
"ಬೀಳಲ್ಲವ್ವ ಅದು, ಹರಗಿಟ್ಟದ್ದು.
ಮುಂಗಾರಿಗೆ ಎರಿ ಹೊಲ ಬಿತ್ತೂದಿಲ್ಲ ನಾವು.
ಬಂದಷ್ಟೂ ಮಳಿ ಕುಡದು ಸುಮ್ಮನ ಕುಂದರ್ತದ,
ಹುಬ್ಬಿ ಹೋಗಿ ಉತ್ತರಿ ಬರೂತನಕ.
ಹೆಪ್ಪು ಹಾಕಿದ ಗಡಿಗಿ ಮ್ಯಾಲಿಂದ ನೋಡಿ
ಏನೂ ನಡದಿಲ್ಲ ಅಂತೀಯೇನು?"

ಇಂಥದಕ್ಕೆ ನಮ್ಮಲ್ಲೊಂದು ಪದವಿದೆ, ನೆಲದ ಸಾಕ್ಷಿ.
ಸಾಕ್ಷಿಗೆ ಇಷ್ಟು ಜೋರು ದನಿ ಇರುತ್ತದೆಂದು
ಯಾವ ಪಾಠದಲ್ಲೂ ಇರಲಿಲ್ಲ.
ಕೋಲು ಅವಳ ಕೈಗೆ ಕೊಟ್ಟೆ.
ಅದನ್ನು ಬದಿಗಿಟ್ಟು ಬೆರಳಿಂದಲೇ ತೋರಿಸಿದಳು:
ಇದು ಸವುಳು. ಇಲ್ಲಿ ಕುಸುಬಿ.
ಇದು ತಕರಾರಿಂದು, ಯಾರೂ ಕಾಲಿಡೂದಿಲ್ಲ.
ಚಾದರದ ಮೇಲೆ ಅವಳ ನೆರಳು
ಮೂರು ಊರು ಮುಚ್ಚಿತ್ತು.

ಹೊರಡುವಾಗ ಕೇಳಿದಳು,
"ಮತ್ತ ಯಾವಾಗ ಬರ್ತದ ಅದು?"
ಐದು ದಿನಕ್ಕೊಮ್ಮೆ, ಹನ್ನೊಂದರ ಸುಮಾರು.
"ಬಿತ್ತೂ ಹೊತ್ತಿಗೆ ನಾ ಹೊಲದಾಗ ಇರ್ತೀನಿ. ಹೇಳಿಡು ಅದಕ್ಕ."
ಮನುಷ್ಯರು ಕಾಣುವುದಿಲ್ಲ ಎಂದು
ಎರಡನೇ ಸಲ ಹೇಳಲಿಲ್ಲ.

ವಿಜಯಪುರದ ಕಚೇರಿಯಲ್ಲಿ ಪಟ್ಟಿ ತಿದ್ದಿದೆ.
ಉತ್ತರಿಯ ಎರಡನೇ ವಾರದ ಚಿತ್ರ ಮೊನ್ನೆ ಬಂತು,
ಅರ್ಧ ಮೋಡ.
ಮೋಡದ ಅಂಚಿನಾಚೆ ಎಂಟು ಚೌಕ
ಗುಂಜಿಯಷ್ಟು ಕಪ್ಪಾಗಿವೆ.