ಹನ್ನೊಂದನೆಯ ಬೆಣೆ

ಮೊದಲು ಸುಳಿವು ಕೊಟ್ಟದ್ದು ಮೊಟ್ಟೆ.
ಮೇಜಿನ ಮೇಲಿಟ್ಟು ಬಾಣಲೆಗೆ ಕೈ ಚಾಚುವಷ್ಟರಲ್ಲಿ
ಯಾರೋ ಕರೆದ ಹಾಗೆ
ಕಿಟಕಿಯ ಕಡೆ ಉರುಳಿ ಹೋಯಿತು.
ಬಿತ್ತು. ಒರೆಸಿದೆ.
ನನ್ನದೇ ಮೈಮರೆವು ಅಂದುಕೊಂಡೆ.

ಆಮೇಲೆ ಬಾಗಿಲು.
ಮೇ ತಿಂಗಳಲ್ಲಿ ಹಿಡಿದುಕೊಂಡದ್ದು
ಅಕ್ಟೋಬರಿಗೂ ಬಿಡಲಿಲ್ಲ.
ಪ್ರೊಕೋಪಿ ಉಜ್ಜುಗೊರಡು ಹಾಕಿ ಅಂಚು ತೆಗೆದ,
ಮರುವರ್ಷ ಇನ್ನಷ್ಟು ತೆಗೆದ.
ಈಗ ನಮ್ಮ ಬಾಗಿಲು ಆಯತವಲ್ಲ,
ಮೂವತ್ತು ವರ್ಷ ಕರಿಹಲಗೆಯ ಮೇಲೆ
ನಾನೇ ಬರೆದು ತೋರಿಸಿದ ತ್ರಾಪಿಜ್ಯ.

ಲೇನಾ ನದಿಯ ಈಚೆ ನೆಲ ಅಂದರೆ
ಅರ್ಧ ಮಣ್ಣು, ಅರ್ಧ ಮಂಜುಗಡ್ಡೆ.
ಅಜ್ಜಂದಿರಿಗೂ ಮೊದಲಿಂದ ಕದಲದೆ ಮಲಗಿದ್ದು
ಈಗ ಮಗ್ಗುಲು ಬದಲಿಸುತ್ತಿದೆ.
ಆಲೂಗಡ್ಡೆಯ ಮಡಿ ಗುಡ್ಡೆ ಗುಡ್ಡೆಯಾಗಿ ಎದ್ದು
ನಡುವೆ ಗುಂಡಿ ಬಿದ್ದು
ಹಸು ಕಾಲು ಮುರಿದುಕೊಂಡಿತು.
ಮಾಂಸ ಇಡುವ ನೆಲಮಾಳಿಗೆಯಲ್ಲಿ
ಜುಲೈನಲ್ಲೂ ಉಸಿರು ಹೊಗೆಯಾಗುತ್ತಿತ್ತು;
ಹೋದ ಬೇಸಿಗೆಯಲ್ಲಿ ಇಳಿದಾಗ
ಟಪ್, ಟಪ್,
ಗೋಡೆ ಏನನ್ನೋ ಎಣಿಸುತ್ತಿತ್ತು.

ಪ್ರೊಕೋಪಿಗೆ ಎಲ್ಲಕ್ಕೂ ಒಂದೇ ಮದ್ದು: ಜ್ಯಾಕು.
ಲಾರಿಯದು, ಸ್ಪಿರಿದೋನನಿಂದ ಕಡ ತಂದದ್ದು.
ಪ್ರತಿ ಸೆಪ್ಟೆಂಬರಿನಲ್ಲಿ ಮನೆಯಡಿ ತೆವಳಿ
ತಗ್ಗಿದ ಮೂಲೆ ಎತ್ತಿ
ತಾನೇ ಕೆತ್ತಿದ ಬೆಣೆಯೊಂದನ್ನು ತುರುಕಿ
ಮೊಣಕೈಯ ಕೆಸರು ಕೊಡವುತ್ತ ಹೊರಬರುವನು:
"ಆಯ್ತು, ಇನ್ನು ಹತ್ತು ವರ್ಷ ಅಲುಗಾಡೋದಿಲ್ಲ."
ಹತ್ತು ಸೆಪ್ಟೆಂಬರು ಹೀಗೇ ಅಂದ.
ನಾನೂ ಹೂಂಗುಟ್ಟಿದೆ.
ಸಾರಿನ ತಟ್ಟೆಯ ಒಂದು ಬದಿಗೆ ಮಡಿಸಿದ ಬಟ್ಟೆ,
ಮಂಚದ ಎರಡು ಕಾಲಿಗೆ ಹಳೆಯ ಬೀಜಗಣಿತ.
ಆದರೂ ನಿದ್ದೆಯಲ್ಲಿ ಅವನ ಕಡೆಗೇ ಉರುಳುತ್ತಿದ್ದೆ;
ಈ ವಯಸ್ಸಿನಲ್ಲಿ ಅದೇನೂ
ದೂರು ಕೊಡುವ ಸಂಗತಿಯಲ್ಲ.

ಬಾಗಿಲು, ಹನಿ, ಹಸುವಿನ ಕಾಲು
ಇಷ್ಟೆಲ್ಲ ಹೇಳಿದರೂ ನನಗೆ ಕೇಳಿಸಿರಲಿಲ್ಲ.
ಕೇಳಿಸಿದ್ದು ಅಗ್ರಫೇನಾ ಹೊಸ ಮನೆಗೆ ಊಟಕ್ಕೆ ಕರೆದ ದಿನ.
ಹನ್ನೆರಡು ಕಿಲೋಮೀಟರ್ ಆಚೆ, ಮರಳುದಿಬ್ಬದ ಮೇಲೆ,
ಹಲಗೆಯ ವಾಸನೆ ಇನ್ನೂ ಆರಿರದ ಮನೆ.
ಚಹದ ಬಟ್ಟಲು ಹಿಡಿದು ನಾಲ್ಕು ಹೆಜ್ಜೆ ಇಟ್ಟೆ.
ಎಡವಿದೆ.
ಎಡವಲು ಅಲ್ಲಿ ಏನೂ ಇರಲಿಲ್ಲ,
ನೆಲ ಜನವರಿಯ ಕೆರೆಯ ಹಾಗೆ ಸಪಾಟು.
ಮತ್ತೆ ನಡೆದೆ, ಮತ್ತೆ ಎಡಕ್ಕೆ ವಾಲಿದೆ,
ಇಲ್ಲದ ಇಳಿಜಾರಿಗೆ ನನ್ನ ಕಾಲು ಒತ್ತು ಕೊಡುತ್ತಿತ್ತು.
"ತುಯಾರಾ, ಬೆಳಿಗ್ಗೆಯೇ ಹಾಕಿಕೊಂಡು ಬಂದೆಯಾ?"
ಎಲ್ಲರೂ ನಕ್ಕರು, ನಾನೂ ನಕ್ಕೆ.
ಒಳಗೆ ಮಾತ್ರ ಟಪ್ ಎಂದಿತು ಏನೋ:
ಹತ್ತು ಬೆಣೆ ಲಾರ್ಚ್ ಮರದ್ದು.
ಹನ್ನೊಂದನೆಯದು ನಾನು.

ಮನೆಗೆ ಬಂದು ಏನೂ ಹೇಳಲಿಲ್ಲ.
ಮೊದಲ ರೊಟ್ಟಿಯ ಚೂರನ್ನು ಒಲೆಗೆ ಹಾಕಿದೆ,
ನಮ್ಮಲ್ಲಿ ಬೆಂಕಿಗೇ ಮೊದಲ ಬಡಿಕೆ.
ಆಮೇಲೆ ಮೊಟ್ಟೆಯೊಂದನ್ನು ಮೇಜಿನ ಮೇಲಿಟ್ಟು
ಸುಮ್ಮನೆ ಕೂತೆ.
ಉರುಳಿತು.
ಹಿಡಿಯಲು ಚಾಚಿದ ಕೈಯನ್ನು ಪ್ರೊಕೋಪಿ
ನನ್ನ ಮುಖ ನೋಡಿ
ಅರ್ಧದಲ್ಲೇ ಹಿಂದಕ್ಕೆ ತೆಗೆದ.
ಮರುದಿನ ಜ್ಯಾಕಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ
ಸ್ಪಿರಿದೋನನಿಗೆ ಒಪ್ಪಿಸಿ ಬಂದ.
ನಮ್ಮಿಬ್ಬರ ನಡುವೆ ಆದ ಮಾತುಕತೆ ಇಷ್ಟೇ.

ಈಗ ಮಾರ್ಚ್.
ಗೋಡೆಯ ದಿಮ್ಮಿಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದೇನೆ.
ಕಳಚಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು, ಅಲ್ಲಿ ಕೂಡಿಸಬೇಕು,
ದಾರಿಯ ಹಿಮ ಕರಗುವ ಮೊದಲು.
ಅಂಗಳದ ಕುದುರೆಗಂಬ ಮಾತ್ರ ಇಲ್ಲೇ.
ಅವನ ಅಜ್ಜ ನೆಟ್ಟದ್ದು.
ನೆಟ್ಟ ಕಂಬ ನಾವು ಕೀಳುವುದಿಲ್ಲ,
ತಾನಾಗಿ ಬೀಳುವ ತನಕ ಅದರ ಕಾಲ.
ಅದೂ ವಾಲಿದೆ, ಬರುವವರನ್ನು
ತುಸು ಬಗ್ಗಿ ನೋಡುವವರ ಹಾಗೆ,
ಸರಿಯಾಗಿ ಮರಳುದಿಬ್ಬದ ಕಡೆಗೆ.

ಇರಲಿ. ಗಣಿತದವಳು ನಾನು,
ಕೋನ ಅಳೆಯಬಹುದು,
ಅದರ ಅರ್ಥ ಹೇಳಬಾರದು.