ಖಾಲಿ ಕೋಣೆಗೆ ಇಟ್ಟ ಹೆಸರು

ಮಡಿಕೇರಿ ಕಾಲೇಜಿನ ಲ್ಯಾಬಿನಲ್ಲಿ
ಜುಲೈ ಬಂತೆಂದರೆ ನಾನು ಮೊದಲು ಕಾಣುವುದು
ಲೆನ್ಸಿನ ಮೇಲೆಯೇ ಬೆಳೆದ ಬೂಸ್ಟು.
ಬಿಳಿ ಎಳೆ, ಕವಲು, ಕವಲಿಗೆ ಕವಲು,
ನೋಡುವ ಕಣ್ಣನ್ನೇ ಮೇಯುವ ಜೀವ.
ಹಳೆಯ ಮಲ್ಲುಬಟ್ಟೆ, ಎರಡು ಹನಿ ಕ್ಸೈಲೀನು,
ಬೆರಳ ತುದಿಗೆ ಸುತ್ತಿ ಒರೆಸುತ್ತೇನೆ.
ಬೀರುವಿನ ಬೀಗದ ಕೈ ನನ್ನದು.
ಹತ್ತೊಂಬತ್ತು ಸೂಕ್ಷ್ಮದರ್ಶಕ,
ಹಿತ್ತಾಳೆಯದು ಒಂದೇ.

ಗ್ಲಾಡಿಸ್ ಮೇಡಂ ಪ್ರತಿವರ್ಷ ಇದೇ ಕತೆಯಿಂದ ಶುರು:
ಬಟ್ಟೆ ವ್ಯಾಪಾರಿಯೊಬ್ಬ, ನೂಲೆಣಿಸುವ ಗಾಜು ಸಾಲದೆ
ಹನಿಯಷ್ಟು ಲೆನ್ಸು ತಾನೇ ಉಜ್ಜಿ
ಕೆರೆಯ ನೀರಿನಲ್ಲಿ, ಹಲ್ಲಿನ ಕೊಳೆಯಲ್ಲಿ
ಈಜುವವರನ್ನು ಕಂಡನಂತೆ.
ಅವನಿಗೂ ಮೊದಲು ಲಂಡನ್ನಿನಲ್ಲಿ ಇನ್ನೊಬ್ಬ
ಬಿರಡೆ ಮಾಡುವ ತೊಗಟೆಯನ್ನು ತೆಳ್ಳಗೆ ಹೆರೆದು
ಭೂತಗಾಜಿನಡಿ ಇಟ್ಟ.
ಗೋಡೆ, ಗೋಡೆ, ನಡುವೆ ಬಯಲು.
ಜೇನಿನ ಎರಿಯ ಹಾಗೆ, ಎಂದ.
ಕೋಣೆ ಎಂದು ಹೆಸರಿಟ್ಟ.
ಒಳಗಿದ್ದವರು ಖಾಲಿ ಮಾಡಿ ಬಹಳ ದಿನವಾಗಿತ್ತು.
ಸತ್ತ ತೊಗಟೆಗೆ ಇಟ್ಟ ಆ ಹೆಸರಿಗೆ
ಕನ್ನಡಕ್ಕೆ ಬರುವಾಗ
ಮುಂದೊಂದು ‘ಜೀವ’ ಸೇರಿಕೊಂಡಿತು.
ಹಿಂದಿನ ಬೆಂಚಿನವರು ಇದನ್ನು ಬರೆದುಕೊಳ್ಳುವುದಿಲ್ಲ,
ಪರೀಕ್ಷೆಗೆ ಬರುವುದು ಇಸವಿ ಮಾತ್ರ.

ಜೇನು ಸತ್ತ ವರ್ಷ. ಪ್ರಾಕ್ಟಿಕಲ್ ಮುಗಿದು
ಮೇಜಿನ ಮೇಲೆ ಇನ್ನೂ ಈರುಳ್ಳಿ ಘಾಟು.
ಭಾಗಮಂಡಲದ ಬಸ್ಸಿಳಿದು ಬಂದ ಕುಯ್ಯಮುಡಿ ಜೋಯಪ್ಪ,
ಕೈಯಲ್ಲಿ ಟಿಫಿನ್ ಕ್ಯಾರಿಯರು.
ಮೇಲಿನ ಡಬ್ಬಿಯಲ್ಲಿ ಬುತ್ತಿ, ಮುಟ್ಟಿರಲಿಲ್ಲ.
ಕೆಳಗಿನದರಲ್ಲಿ ಅಂಗೈಯಗಲದ ಎರಿ.
“ನಲವತ್ತೆರಡು ಪೆಟ್ಟಿಗೆ ಇತ್ತು, ಈಗ ಏಳು.
ಮರಿ ಸಾಯ್ತವೆ. ಉಳಿದವು ಮನೆ ಬಿಟ್ಟು ಹೋಗ್ತವೆ.
ನಿಮ್ಮಲ್ಲಿ ದೊಡ್ಡದು ಮಾಡಿ ತೋರಿಸೋದು ಉಂಟಂತೆ,
ಕೊಂದದ್ದು ಯಾರು, ನೋಡಿ ಹೇಳಿ.”

ಮೇಡಂ ಸೂಜಿಯಲ್ಲಿ ಎತ್ತಿದರು.
ಹುಳು ಅಲ್ಲ, ನೀರು ತುಂಬಿದ ಚೀಲ;
ತಲೆ ಮಾತ್ರ ದೋಣಿಯ ಮೂತಿಯಂತೆ ಮೇಲೆದ್ದಿತ್ತು.
ಹೊರಗೆ ಬಿಸಿಲಿಲ್ಲ, ಕನ್ನಡಿಯಲ್ಲಿ ಬರೀ ಮಂಜು,
ನಾನು ಟೇಬಲ್ ಲ್ಯಾಂಪು ಹಿಡಿದೆ.
ಹತ್ತರ ಲೆನ್ಸು. ನಲವತ್ತರದು. ಎಣ್ಣೆ ಬಿಟ್ಟು ನೂರರದು.
ಕರೆಂಟು ಹೋಯಿತು, ಬಂತು.
ಕಣ್ಣು ತೆಗೆದು ಅವರು ಹೇಳಿದರು,
“ವೈರಸ್ ಇರಬೇಕು. ಇದಕ್ಕೂ ಸಣ್ಣದು.
ನಮ್ಮ ಬೆಳಕಿಗೆ ಸಿಕ್ಕುವಷ್ಟೂ ದೊಡ್ಡದಲ್ಲ.”
“ಅಷ್ಟು ಸಣ್ಣದಾ?”
ಅವಮಾನವಾದವನ ಹಾಗೆ ನಿಂತ ಜೋಯಪ್ಪ.
ಆನೆಯಾದರೆ ಕಂದಕ ತೋಡುತ್ತಿದ್ದ.

ಸುಮ್ಮನೆ ಕಳಿಸಲು ಮನಸ್ಸಾಗದೆ
ಮಕ್ಕಳು ಬಿಟ್ಟುಹೋದ ಈರುಳ್ಳಿ ಸ್ಲೈಡು ಇಟ್ಟು ಕರೆದೆ.
ಮೊದಲು ಅವನಿಗೆ ಕಂಡದ್ದು ತನ್ನ ರೆಪ್ಪೆಯೇ.
ಆಮೇಲೆ ಮಾತಿಲ್ಲ.
ಬಹಳ ಹೊತ್ತು.
“ಈರುಳ್ಳಿಯೊಳಗೆ ಎರಿ ಕಟ್ಟಿದ್ದು ಯಾರು?”
“ಯಾರೂ ಅಲ್ಲ. ತಾನೇ ಕಟ್ಟಿಕೊಳ್ಳುತ್ತೆ.”
“ಒಂದೊಂದರಲ್ಲೂ ಒಂದು ಕೆಂಪು ಚುಕ್ಕೆ.”
“ಅದು ಒಳಗಿರೋದು.”
“ಹಂಗಾದ್ರೆ ಇವು ಬಿಟ್ಟು ಹೋಗಿಲ್ಲ.”

ಮೆಟ್ಟಿಲ ಮೇಲೆ ಕೂತು ಬುತ್ತಿ ಉಂಡ,
ಮಳೆ ನಿಲ್ಲುವುದನ್ನು ಕಾಯದೆ ಹೋದ.
ಎರಿಯ ಅರ್ಧ ಬೆಂಗಳೂರಿಗೆ ಕಳಿಸಿದೆವು.
ಉತ್ತರ ಬರುವ ಹೊತ್ತಿಗೆ
ಆ ಏಳೂ ಇರಲಿಲ್ಲ.

ಉಳಿದರ್ಧ ಹಿತ್ತಾಳೆಯ ಪಕ್ಕದಲ್ಲಿದೆ, ಬೀರುವಿನಲ್ಲಿ,
ಮೇಣ ತಿನ್ನುವ ಹುಳ ಬರದಂತೆ ಡಬ್ಬಿಯೊಳಗೆ.
ಮೇಡಂ ಬಿರಡೆಯ ಕತೆಗೆ ಬಂದಾಗ
ನಾನು ಅದನ್ನು ಹಿಂದಿನ ಬೆಂಚಿಗೆ ದಾಟಿಸುತ್ತೇನೆ.
ಈ ಸಲ ಚೇರಂಬಾಣೆಯ ಹುಡುಗಿಯೊಬ್ಬಳು
ಕಿರುಬೆರಳ ಉಗುರು ಒಂದು ಕೋಣೆಗೆ ಇಳಿಸಿ ಕೇಳಿದಳು:
“ಒಳಗೆ ಯಾರೂ ಇಲ್ಲದಿದ್ದರೂ ಇದು ಕೋಶವಾ?”
ನಾನು ಅಟೆಂಡರು. ಮೇಡಂ ಕಡೆ ನೋಡಿದೆ.
ಮೇಡಂ ಹಿತ್ತಾಳೆಯ ಕನ್ನಡಿಯನ್ನು
ಕಿಟಕಿಯತ್ತ ತಿರುಗಿಸುತ್ತಿದ್ದರು,
ಎಲ್ಲಾದರೂ ಒಂದು ತುಣುಕು
ಬೆಳಕು ಸಿಕ್ಕೀತೇ ಎಂದು.